ಗೋಪುರದೊಳಗಿನ ಕಾಯಕ



ನಮ್ಮ ಕೊಡಗಿಗೆ ರೈಲು ಬಂದಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಕೂಡಿಗೆಯಲ್ಲಿ ಕಿರು ನಿಲ್ದಾಣ ಆಗುತ್ತದೆಂಬ ಮಾತು ಆಗಾಗ ಎದ್ದು ಮತ್ತೆ ಮಲಗುತ್ತದೆ. ಆದರೂ ವಿಮಾನ ನಮಗೆ ದೂರದ ವಸ್ತುವಾಗಿ ಉಳಿದಿಲ್ಲ. 2018ರ ಡಿಸೆಂಬರಿನಲ್ಲಿ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ ತೆರೆದ ಮೇಲೆ ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ಅಲ್ಲಿಗೆ ಹೋಗುತ್ತಾರೆ. ಮಡಿಕೇರಿಯವರು ಸಂಪಾಜೆ ದಾಟಿ ಮಂಗಳೂರಿಗೆ, ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಯವರು ಬೆಂಗಳೂರಿಗೆ. ನಮ್ಮ ಮಠಗಳಿಗೆ ನಡೆದುಕೊಳ್ಳುವ ಮನೆಗಳಲ್ಲಿ ಮಗ ದುಬೈಯಲ್ಲೋ ಮಗಳು ಅಮೆರಿಕದಲ್ಲೋ ಇರುವುದು ಈಗ ಹೊಸ ಸಂಗತಿಯಲ್ಲ.

ಈ ಸಲದ ಸಂಪಾದಕೀಯ ವಾಯು ಸಂಚಾರ ನಿಯಂತ್ರಕರ ಬಗ್ಗೆ ಎಂದಾಗ ಹಿರಿಯ ಓದುಗರೊಬ್ಬರು, "ಅಲ್ಲ ಸ್ವಾಮಿ, ಮಠದ ಪತ್ರಿಕೆಯಲ್ಲಿ ವಿಮಾನ ಯಾಕೆ?" ಎಂದು ಫೋನಿನಲ್ಲೇ ಕೇಳಿದರು. ನೇಯ್ಗೆಯವರ ಬಗ್ಗೆ, ದಾದಿಯರ ಬಗ್ಗೆ, ಪೌರಕಾರ್ಮಿಕರ ಬಗ್ಗೆ ಬರೆದಾಗ ಅವರು ಕೇಳಿರಲಿಲ್ಲ. ಕಾಯಕವೆಂದರೆ ಹನ್ನೆರಡನೆಯ ಶತಮಾನದಲ್ಲಿ ಇದ್ದ ಕಸುಬುಗಳು ಮಾತ್ರ ಎಂಬ ಭಾವನೆ ನಮ್ಮಲ್ಲಿ ಎಲ್ಲೋ ಬೇರೂರಿದೆ. ಅಂಬಿಗರ ಚೌಡಯ್ಯನವರು ಜನರನ್ನು ಹೊಳೆ ದಾಟಿಸಿದರು. ದೋಣಿಯಲ್ಲಿ ಕುಳಿತವರ ಮುಖ ಅವರಿಗೆ ಕಾಣುತ್ತಿತ್ತು. ಇಂದು ಸಾವಿರಾರು ಮಂದಿಯನ್ನು ಮೋಡದ ಮೇಲೆ ದಾಟಿಸುವವರಿಗೆ ಒಬ್ಬರ ಮುಖವೂ ಕಾಣುವುದಿಲ್ಲ. ಅವರ ಮುಖ ನಮಗೂ ಕಾಣುವುದಿಲ್ಲ.

ವಿಮಾನ ಸುಖವಾಗಿ ಇಳಿದರೆ ನಾವು ಕೈಮುಗಿಯುವುದು ದೇವರಿಗೆ, ಹೆಚ್ಚೆಂದರೆ ಬಾಗಿಲ ಬಳಿ ನಿಂತ ಸಿಬ್ಬಂದಿಗೆ. ಹೊರಡುವ ಮುಂಚೆ ರಾಹುಕಾಲ ನೋಡುವವರು ನಮ್ಮಲ್ಲೂ ಇದ್ದಾರೆ. ಬಾಯಲ್ಲಿ ಬಸವಣ್ಣ, ಕೈಯಲ್ಲಿ ಪಂಚಾಂಗ. ಈ ಚಾಳಿಯ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಆ ರಾಹುಕಾಲದಲ್ಲೂ ಅಮಾವಾಸ್ಯೆಯ ನಡುರಾತ್ರಿಯಲ್ಲೂ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಯಾರೋ ಕುಳಿತಿರುತ್ತಾರೆ. ನಮ್ಮ ಪ್ರಯಾಣದ ಕ್ಷೇಮ ಅವರ ಎಚ್ಚರದ ಮೇಲೆ ನಿಂತಿದೆ.

ಆಕಾಶದ ಸಾಹಸಿಗಳನ್ನು ಕೊಡಗು ಮರೆತಿಲ್ಲ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಗೆ ಹೋಗಿ ಮರಳದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಅದು ಇರಬೇಕಾದದ್ದೇ. ಆದರೆ ಶೌರ್ಯಕ್ಕೆ ಒಂದು ಚಿತ್ರವಿದೆ, ಕಥೆಯಿದೆ. ಏನೂ ಆಗದಂತೆ ನೋಡಿಕೊಳ್ಳುವ ಕೆಲಸಕ್ಕೆ ಚಿತ್ರವಿಲ್ಲ. ನಿಯಂತ್ರಕನ ಉತ್ತಮ ದಿನವೆಂದರೆ ಹೇಳಿಕೊಳ್ಳಲು ಏನೂ ಇಲ್ಲದ ದಿನ.

ಸುಂಟಿಕೊಪ್ಪದ ಹತ್ತಿರ ತೋಟ ಮಾಡಿಕೊಂಡಿರುವ ನಿವೃತ್ತ ನಿಯಂತ್ರಕರೊಬ್ಬರು ನನಗೆ ಪರಿಚಯ. ಹೆಸರು ಬೇಡವೆಂದಿದ್ದಾರೆ. ಕಾಫಿ ಕೊಯ್ಲಿನ ನಡುವೆ ಅವರನ್ನು ಹಿಡಿದು ಕೂರಿಸಿ, "ಅಷ್ಟೊಂದು ವಿಮಾನ ಒಟ್ಟಿಗೆ ಬಂದರೆ ನಿಮಗೆ ಕೈ ನಡುಗುತ್ತಿರಲಿಲ್ಲವೇ ಸರ್?" ಎಂದು ಕೇಳಿದೆ.

"ನಡುಗೋಕೆ ಪುರುಸೊತ್ತು ಎಲ್ಲಿರುತ್ತೆ ಸಂಪಾದಕರೆ? ನಡುಕ ಬರೋದು ಪಾಳಿ ಮುಗಿಸಿ ಮನೆಗೆ ಹೋಗಿ ಲೋಟ ಕೈಗೆ ತಗೊಂಡಾಗ" ಎಂದರು. ಆಮೇಲೆ ತಾವೇ ಸೇರಿಸಿದರು: "ನಮ್ಮದು ಧ್ಯಾನ ಅಲ್ಲ. ಧ್ಯಾನದಲ್ಲಿ ಕೂತವರು ಹೊರಗಿನ ಸದ್ದು ಬಿಡ್ತಾರೆ. ನಾವು ಒಂದು ಸದ್ದೂ ಬಿಡೋ ಹಾಗಿಲ್ಲ."

ಅವರ ಕೆಲಸ ಏನೆಂಬುದನ್ನು ತಿಳಿದಷ್ಟು ಹೇಳುತ್ತೇನೆ. ಟವರಿನಲ್ಲಿ ಕುಳಿತವರು ಕಣ್ಣಿಗೆ ಕಾಣುವ ರನ್‌ವೇ ಮತ್ತು ಅದರ ಸುತ್ತಲಿನ ವಿಮಾನಗಳನ್ನು ನೋಡಿಕೊಳ್ಳುತ್ತಾರೆ. ವಿಮಾನ ನೆಲ ಬಿಟ್ಟ ಮೇಲೆ ಅದು ಅಪ್ರೋಚ್ ನಿಯಂತ್ರಕರ ಕೈಗೆ ಹೋಗುತ್ತದೆ. ಅವರಿಗೆ ಕಿಟಕಿಯೂ ಬೇಕಿಲ್ಲ, ಎದುರಿಗೆ ರೇಡಾರ್ ಪರದೆ ಇರುತ್ತದೆ. ಅಲ್ಲಿಂದ ದೂರದ ಹಾದಿಯನ್ನು ನೋಡುವ ಏರಿಯಾ ನಿಯಂತ್ರಕರಿಗೆ. ದೇಶದ ಆಕಾಶವನ್ನು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ ಎಂಬ ನಾಲ್ಕು ದೊಡ್ಡ ವಲಯಗಳಾಗಿ ಹಂಚಿದ್ದಾರೆ. ನಮ್ಮ ಬ್ರಹ್ಮಗಿರಿ, ಪುಷ್ಪಗಿರಿಗಳ ಮೇಲೆ ಬಿಳಿಗೆರೆ ಎಳೆದು ಹೋಗುವ ವಿಮಾನ ಚೆನ್ನೈ ವಲಯದ್ದು. ಒಂದು ವಿಮಾನ ಒಂದೇ ಪ್ರಯಾಣದಲ್ಲಿ ಹೀಗೆ ಹಲವರ ಕೈ ದಾಟುತ್ತದೆ, ನಮ್ಮ ಕಡೆ ಮದುವೆ ಮನೆಯಲ್ಲಿ ನೀರಿನ ಕೊಡ ಕೈಯಿಂದ ಕೈಗೆ ಹೋಗುವ ಹಾಗೆ. ಕೊಡ ಚೆಲ್ಲುವುದು ಹೆಚ್ಚಾಗಿ ಎರಡು ಕೈಗಳ ನಡುವೆಯೇ.

ಇನ್ನು ದೂರದ ಲೆಕ್ಕ. ರೇಡಾರ್ ಇರುವ ದೂರದ ಹಾದಿಯಲ್ಲಿ ಒಂದೇ ಎತ್ತರದ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದರೆ 9 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಅಂತರ ಇರಬೇಕು. ಇಲ್ಲವಾದರೆ ಮೇಲೆ ಕೆಳಗೆ 1000 ಅಡಿ ಇರಬೇಕು. ಒಂಬತ್ತು ಕಿಲೋಮೀಟರ್ ಎಂದರೆ ನಮಗೆ ಬಹಳ. ಆದರೆ ಗಂಟೆಗೆ 900 ಕಿಲೋಮೀಟರ್ ವೇಗದ ವಿಮಾನ ನಿಮಿಷಕ್ಕೆ 15 ಕಿಲೋಮೀಟರ್ ಹೋಗುತ್ತದೆ. ಎದುರುಬದುರಾಗಿ ಬರುವ ಎರಡು ವಿಮಾನಗಳು ಆ ಅಂತರವನ್ನು ಇಪ್ಪತ್ತು ಸೆಕೆಂಡಿನೊಳಗೆ ನುಂಗಿಬಿಡುತ್ತವೆ. ಒಂದು ಉಸಿರು, ಒಂದು ಆದೇಶ, ಅದಕ್ಕೊಂದು ಉತ್ತರ. ಅಷ್ಟರಲ್ಲಿ ಸಮಯ ಮುಗಿಯಿತು. ಆದ್ದರಿಂದ ನಿಯಂತ್ರಕ ಈಗ ಕಾಣುತ್ತಿರುವುದನ್ನು ನೋಡಿ ಮಾತಾಡುವುದಿಲ್ಲ. ಐದು ನಿಮಿಷದ ನಂತರ ಯಾವುದು ಎಲ್ಲಿರುತ್ತದೆಂಬ ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಮಾತಾಡುತ್ತಾನೆ. ಇಂಥ ಹತ್ತು ಹದಿನೈದು ವಿಮಾನಗಳ ಚಿತ್ರ ಒಟ್ಟಿಗೆ ಮನಸ್ಸಿನಲ್ಲಿ ಓಡುತ್ತಿರಬೇಕು.

ನಮ್ಮ ಘಾಟಿ ರಸ್ತೆಗಳಲ್ಲಿ ಮಳೆಗಾಲದ ಮಂಜು ಕವಿದಾಗ ಏನು ಮಾಡುತ್ತೇವೆ? ತಿರುವಿನಲ್ಲಿ ಹಾರ್ನ್ ಹೊಡೆದು, ಎದುರಿನ ಲಾರಿಯ ದೀಪ ಕಂಡರೆ ಬದಿಗೆ ಸರಿದು ನಿಲ್ಲಿಸುತ್ತೇವೆ. ಲಾರಿ ಹೋದ ಮೇಲೆ ಹೊರಡುತ್ತೇವೆ. ವಿಮಾನಕ್ಕೆ ಈ ಅನುಕೂಲ ಇಲ್ಲ. ಅದು ಬದಿಗೆ ನಿಲ್ಲಲಾರದು. ಬೇಸಿಗೆಯ ಕೊನೆಗೆ ಬೆಂಗಳೂರಿನ ಮೇಲೆ ಸಂಜೆಯ ಗುಡುಗು ಮಳೆ ಬಂದಾಗ ಆಗುವುದು ಇದೇ. ಇಳಿಯಲು ಸಾಲುಗಟ್ಟಿ ಬಂದ ವಿಮಾನಗಳೆಲ್ಲ ಮೋಡ ತಪ್ಪಿಸಲು ಒಬ್ಬೊಬ್ಬರು ಒಂದೊಂದು ದಿಕ್ಕು ಕೇಳುತ್ತಾರೆ. ಕೆಲವಕ್ಕೆ ಇಂಧನ ಕಡಿಮೆ. ಕೆಲವನ್ನು ಚೆನ್ನೈಗೆ ತಿರುಗಿಸಬೇಕು. ಎಲ್ಲರೂ ಮಾತಾಡುವುದು ಒಂದೇ ರೇಡಿಯೋ ಅಲೆಯಲ್ಲಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡುವಂತಿಲ್ಲ. ಅಂಥ ಹೊತ್ತಿನಲ್ಲಿ ನಿಯಂತ್ರಕನ ದನಿ ಒಂದು ಸ್ವರ ಮೇಲೇರಿದರೆ ಆ ಗಾಬರಿ ಇಪ್ಪತ್ತು ಕಾಕ್‌ಪಿಟ್ಟುಗಳಿಗೆ ಹರಡುತ್ತದೆ. ಅದಕ್ಕೇ ಅವರ ದನಿ ಸಂತೆಯ ಲೆಕ್ಕ ಹೇಳುವವರ ದನಿಯಷ್ಟು ಸಪ್ಪೆಯಾಗಿರುತ್ತದೆ. ಸಪ್ಪೆಯಾಗಿರುವುದೇ ಅದರ ಗುಣ.

2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಂಗತಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕೆಂಪೇಗೌಡ ನಿಲ್ದಾಣಕ್ಕೆ ಅಕ್ಕಪಕ್ಕದಲ್ಲಿ ಎರಡು ರನ್‌ವೇಗಳಿವೆ, ಉತ್ತರದ್ದು ಮತ್ತು ದಕ್ಷಿಣದ್ದು. ಆ ಬೆಳಿಗ್ಗೆ ಒಂದರಿಂದ ಏರುವುದು, ಇನ್ನೊಂದರಲ್ಲಿ ಇಳಿಯುವುದು ಎಂದು ನಡೆದಿತ್ತು. ನಡುವೆ, ಎಲ್ಲವನ್ನೂ ಉತ್ತರದ ರನ್‌ವೇಯಿಂದಲೇ ನಡೆಸುವುದೆಂದು ತೀರ್ಮಾನವಾಯಿತು. ಆ ತೀರ್ಮಾನ ದಕ್ಷಿಣದ ಟವರಿನಲ್ಲಿ ಕುಳಿತವರಿಗೆ ತಲುಪಲಿಲ್ಲ. ಅತ್ತ ಅವರು ಕೋಲ್ಕತ್ತಾಕ್ಕೆ ಹೊರಟ ವಿಮಾನಕ್ಕೆ ಏರಲು ಅನುಮತಿ ಕೊಟ್ಟರು, ಇತ್ತ ಉತ್ತರದವರು ಭುವನೇಶ್ವರಕ್ಕೆ ಹೊರಟ ವಿಮಾನಕ್ಕೆ ಕೊಟ್ಟರು. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ನೆಲ ಬಿಟ್ಟು ಒಂದರ ಹಾದಿಗೆ ಇನ್ನೊಂದು ವಾಲತೊಡಗಿದವು. ಎರಡರಲ್ಲೂ ಸೇರಿ ನಾನೂರಕ್ಕೂ ಹೆಚ್ಚು ಜೀವ.

ಅಪ್ರೋಚ್ ರೇಡಾರಿನ ಮುಂದೆ ಕುಳಿತಿದ್ದ ನಿಯಂತ್ರಕರು ಅದನ್ನು ಕಂಡರು. ಎರಡಕ್ಕೂ ಬೇರೆ ಬೇರೆ ದಿಕ್ಕಿಗೆ ತಿರುಗಲು ಹೇಳಿದರು. ವಿಮಾನಗಳು ತಿರುಗಿದವು. ಕೋಲ್ಕತ್ತಾದ ವಿಮಾನ ಕೋಲ್ಕತ್ತಾಕ್ಕೆ, ಭುವನೇಶ್ವರದ್ದು ಭುವನೇಶ್ವರಕ್ಕೆ ಹೋಯಿತು.

ಇಷ್ಟೇ ಸಂಗತಿ. ಒಳಗಿದ್ದವರು ಬಹುಶಃ ವಿಮಾನ ಸ್ವಲ್ಪ ವಾಲಿತೆಂದಷ್ಟೇ ತಿಳಿದಿರಬೇಕು. ಆ ಒಂದೆರಡು ವಾಕ್ಯ ಹೇಳಲು ಕೆಲವೇ ಸೆಕೆಂಡು ಸಾಕು. ಹೇಳಬೇಕಾದ್ದು ಅದೇ ಎಂದು ತಿಳಿಯಲು ವರ್ಷಗಳ ಅಭ್ಯಾಸ ಬೇಕು. "ಯಾರು ಅನುಮತಿ ಕೊಟ್ಟರು, ಹೇಗಾಯಿತು?" ಎಂದು ಕೇಳುತ್ತ ಕೂರುವ ಮನಸ್ಸು ಅಲ್ಲಿ ಕೆಲಸಕ್ಕೆ ಬಾರದು. ಮೊದಲು ಬಿಡಿಸಬೇಕು, ವಿಚಾರಣೆ ಆಮೇಲೆ. ಮನೆಗೆ ಬೆಂಕಿ ಬಿದ್ದಾಗ ಬೆಂಕಿ ಹಚ್ಚಿದವರನ್ನು ಹುಡುಕುತ್ತ ಅಂಗಳದಲ್ಲಿ ಜಗಳ ಆಡುವ ನಮ್ಮ ಸಭೆ ಸಮಿತಿಗಳನ್ನು ಎಷ್ಟು ನೋಡಿಲ್ಲ!

ಆದರೆ ಆಮೇಲಿನ ವಿಚಾರಣೆ ಆಗಲೇಬೇಕು. ಈ ಘಟನೆ ಅಲ್ಲಿನ ದಿನಚರಿ ಪುಸ್ತಕಕ್ಕೆ ಏರಿರಲಿಲ್ಲ, ಮೇಲಿನವರಿಗೂ ತಿಳಿಸಿರಲಿಲ್ಲ ಎಂದು ಅಂದಿನ ಪತ್ರಿಕೆಗಳು ವರದಿ ಮಾಡಿದವು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ತನಿಖೆಗೆ ಇಳಿಯಿತು. ನನಗೆ ಇದು ಆ ಬೆಳಗಿನ ತಪ್ಪಿಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಸಮಚಿತ್ತ ಬೇರೆ, ಮುಚ್ಚಿಡುವುದು ಬೇರೆ. ಹೊರಗಿನಿಂದ ಎರಡೂ ಮೌನದಂತೆಯೇ ತೋರುತ್ತವೆ. ವಿಮಾನ ಪ್ರಯಾಣ ಇಂದು ಇಷ್ಟು ಸುರಕ್ಷಿತವಾಗಿರುವುದಕ್ಕೆ ಒಂದು ಮುಖ್ಯ ಕಾರಣ, ತಪ್ಪಿಹೋದ ಅಪಾಯವನ್ನೂ ಬರೆದಿಡುವ, ತಪ್ಪು ಹೇಳಿಕೊಂಡವರನ್ನು ಬೇಟೆಯಾಡದೆ ಅದರಿಂದ ಕಲಿಯುವ ಪದ್ಧತಿ. ಮಠಗಳು, ವಿದ್ಯಾಸಂಸ್ಥೆಗಳು, ಟ್ರಸ್ಟುಗಳು ಈ ಮಾತನ್ನು ತಮಗೂ ಹೇಳಿದ್ದೆಂದು ತಿಳಿದರೆ ನನ್ನ ಆಕ್ಷೇಪಣೆ ಇಲ್ಲ.

ನುಡಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಪರಂಪರೆ ನುಡಿಗೆ ಕೊಟ್ಟ ಬೆಲೆ ನಿಮಗೆ ಹೇಳಬೇಕಾಗಿಲ್ಲ. ಈ ಕಸುಬಿನಲ್ಲಿ ನುಡಿ ಅಕ್ಷರಶಃ ಪ್ರಾಣ. ನಿಯಂತ್ರಕ ಹೇಳಿದ ಎತ್ತರ, ದಿಕ್ಕು, ರನ್‌ವೇ ಸಂಖ್ಯೆಗಳನ್ನು ಪೈಲಟ್ ತಿರುಗಿ ಒಪ್ಪಿಸಬೇಕು. ನಿಯಂತ್ರಕ ಅದನ್ನು ಕಿವಿಗೊಟ್ಟು ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಬೇಕು. ಹೇಳಿದ್ದಕ್ಕೆ ಕೆಲಸ ಮುಗಿಯಲಿಲ್ಲ, ಕೇಳಿಸಿಕೊಂಡದ್ದು ಏನೆಂದು ಖಾತ್ರಿಯಾದ ಮೇಲೆ ಮುಗಿಯಿತು. ರೇಡಿಯೋದ ಗರಗರದಲ್ಲಿ ಅಂಕಿಗಳು ಕಲಸದಿರಲೆಂದು ಇಂಗ್ಲಿಷಿನ ಮೂರನ್ನು 'ಟ್ರೀ' ಎಂದೂ ಐದನ್ನು 'ಫೈಫ್' ಎಂದೂ ಒಂಬತ್ತನ್ನು 'ನೈನರ್' ಎಂದೂ ಉಚ್ಚರಿಸಲು ಕಲಿಸುತ್ತಾರೆ.

ಈ ಕಟ್ಟುನಿಟ್ಟಿನ ಹಿಂದೆ ಹೆಣಗಳಿವೆ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಒಂದು ಜಂಬೊ ವಿಮಾನದ ಕ್ಯಾಪ್ಟನ್, ಅನುಮತಿ ಸಿಕ್ಕಿತೆಂದೇ ತಿಳಿದು ಓಟ ಶುರುಮಾಡಿದ. ಇನ್ನೊಂದು ಜಂಬೊ ಅದೇ ರನ್‌ವೇ ಮೇಲಿತ್ತು. ಟವರಿನಿಂದ ಬಂದ ಕಾಯುವ ಸೂಚನೆ, ಎರಡು ದನಿಗಳು ಒಟ್ಟಿಗೆ ಬಿದ್ದು ಕೀರಲು ಸದ್ದಿನಲ್ಲಿ ಮುಳುಗಿಹೋಯಿತು. 583 ಮಂದಿ ಸತ್ತರು. ಅಂದಿನಿಂದ 'ಟೇಕ್ ಆಫ್' ಎಂಬ ಮಾತನ್ನು ಆ ಅನುಮತಿಯನ್ನು ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕೆಂಬ ಶಿಸ್ತು ಬಂತು. ಬೇರೆ ಸಮಯದಲ್ಲಿ 'ಡಿಪಾರ್ಚರ್' ಎನ್ನಬೇಕು. ಒಂದು ಪದವನ್ನು ಹೀಗೆ ಮೀಸಲಿಟ್ಟು ಕಾಪಾಡುವ ಇನ್ನೊಂದು ಕಸುಬು ನನಗೆ ತಿಳಿಯದು.

ಎಲ್ಲ ಸರಿಯಾಗಿ ಹೇಳಿದರೂ ಸೋಲು ಬರಬಹುದು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯಲು ಬರುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ ಎಂದು ನಿಯಂತ್ರಕರು ಎತ್ತರ ನಿಗದಿ ಮಾಡಿದ್ದರು. ಎದುರಿಗೆ ವಿಮಾನ ಬರುತ್ತಿದೆ, ಇಷ್ಟು ಮೈಲಿ ದೂರದಲ್ಲಿದೆ ಎಂದು ಕಜಕ್ ವಿಮಾನಕ್ಕೆ ಎಚ್ಚರಿಸಿದ್ದರು. ಆ ವಿಮಾನ ತನಗೆ ಕೊಟ್ಟ ಎತ್ತರ ಬಿಟ್ಟು ಕೆಳಗಿಳಿಯಿತು. ಹರಿಯಾಣದ ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಡಿಕ್ಕಿಯಾಗಿ 349 ಮಂದಿ ತೀರಿಹೋದರು. ಕೊಲ್ಲಿಗೆ ದುಡಿಯಲು ಹೊರಟವರು ಅದರಲ್ಲಿ ಬಹಳ. ಅಂದು ದೆಹಲಿಯ ರೇಡಾರಿಗೆ ವಿಮಾನ ಎಲ್ಲಿದೆಯೆಂಬುದು ಕಾಣುತ್ತಿತ್ತು, ಎಷ್ಟು ಎತ್ತರದಲ್ಲಿದೆಯೆಂಬುದು ಕಾಣುತ್ತಿರಲಿಲ್ಲ. ಆ ನಿಯಂತ್ರಕರು ಪೈಲಟ್ಟಿನ ಮಾತನ್ನು ನಂಬಬೇಕಿತ್ತು, ನಂಬಿದರು. ಪರದೆಯ ಮೇಲೆ ಎರಡು ಚುಕ್ಕೆ ಒಂದಾಗಿ, ಆಮೇಲೆ ಎರಡೂ ಇಲ್ಲವಾಗಿ, ಕರೆದರೆ ಉತ್ತರವಿಲ್ಲದ ಆ ನಿಮಿಷಗಳನ್ನು ಊಹಿಸಿಕೊಳ್ಳಿ. ಹಾಗಾದ ಮೇಲೂ ಬೇರೆ ವಿಮಾನಗಳು ಕರೆಯುತ್ತಲೇ ಇರುತ್ತವೆ, ಅವುಗಳಿಗೆ ಅದೇ ಸಪ್ಪೆ ದನಿಯಲ್ಲಿ ಉತ್ತರಿಸಬೇಕು. ತನಿಖೆಯ ನಂತರ ಏರುವ ಮತ್ತು ಇಳಿಯುವ ಹಾದಿಗಳು ಬೇರೆಯಾದವು, ಎತ್ತರ ತೋರಿಸುವ ರೇಡಾರ್ ಬಂತು, ಡಿಕ್ಕಿ ಎಚ್ಚರಿಕೆಯ ಯಂತ್ರ ವಿಮಾನಗಳಿಗೆ ಕಡ್ಡಾಯವಾಯಿತು.

ಮಂಗಳೂರು ನಮಗೆ ಹತ್ತಿರದ ನೋವು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಕೆಂಜಾರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಉಳಿದರು. ಕೊಡಗಿನಿಂದ ಸಂತಾಪಕ್ಕೆ ಹೋಗಿ ಬಂದವರು ಇನ್ನೂ ಇದ್ದಾರೆ. ತನಿಖೆ ಮುಖ್ಯ ಕಾರಣವೆಂದು ಗುರುತಿಸಿದ್ದು ಸರಿಯಾಗಿ ಹೊಂದದ ಇಳಿತವನ್ನು ಕೈಬಿಡದ ಕ್ಯಾಪ್ಟನ್ನಿನ ನಿರ್ಧಾರವನ್ನು. ಆದರೆ ಅದೇ ವರದಿಯಲ್ಲಿ ಒಂದು ಸಾಲು ಇದೆ, ಅದನ್ನು ಯಾರೂ ಹೆಚ್ಚು ಚರ್ಚಿಸಲಿಲ್ಲ: ಮಂಗಳೂರಿನ ರೇಡಾರ್ ಎರಡು ದಿನಗಳಿಂದ ಕೆಟ್ಟಿತ್ತು. ರೇಡಾರ್ ಇಲ್ಲದ ದಿನ ನಿಯಂತ್ರಕರು ಪೈಲಟ್ಟುಗಳು ಹೇಳುವ ದೂರ, ಎತ್ತರಗಳನ್ನು ಬರೆದುಕೊಂಡು, ಲೆಕ್ಕ ಹಾಕಿ, ವಿಮಾನಗಳ ನಡುವೆ ಇನ್ನಷ್ಟು ದೊಡ್ಡ ಅಂತರ ಬಿಟ್ಟು ನಡೆಸಬೇಕು. ಹೀಗಾಗಿ ಆ ವಿಮಾನ ಕೇಳಿದ ಕೂಡಲೇ ಕೆಳಗಿಳಿಯಲು ಅನುಮತಿ ಸಿಗಲಿಲ್ಲ. ನಿಯಂತ್ರಕರು ನಿಯಮ ಪಾಲಿಸಿದರು. ಕೌಶಲ್ಯ ಎಷ್ಟಿದ್ದರೂ ಅದಕ್ಕೆ ಉಪಕರಣದ ಆಸರೆ ಬೇಕೆಂಬುದನ್ನು ನಾವು ಇಲ್ಲಿ ಗಮನಿಸಬೇಕು.

ಉಪಕರಣ ಕೈಕೊಟ್ಟಾಗ ಕೈಯ ಕೆಲಸ ಹೇಗೆ ಉಳಿಸುತ್ತದೆಂಬುದಕ್ಕೆ 2025ರ ನವೆಂಬರ್ 6 ಮತ್ತು 7ರ ದೆಹಲಿಯನ್ನು ನೋಡಿ. ವಿಮಾನಗಳ ಪ್ರಯಾಣ ಯೋಜನೆಯನ್ನು ನಿಯಂತ್ರಕರ ಪರದೆಗೆ ತಲುಪಿಸುವ ಸಂದೇಶ ವ್ಯವಸ್ಥೆ ಕೆಟ್ಟು ನಿಂತಿತು. ತಾನಾಗಿ ಬರಬೇಕಾದ ವಿವರಗಳನ್ನು ಪ್ರತಿಯೊಂದು ವಿಮಾನಕ್ಕೂ ಕೈಯಾರೆ ಸಿದ್ಧಪಡಿಸಬೇಕಾಯಿತು. 800ಕ್ಕೂ ಹೆಚ್ಚು ವಿಮಾನಗಳು ತಡವಾದವು. ಟಿವಿಯಲ್ಲಿ ನಾವು ನೋಡಿದ್ದು ಸಾಲಿನಲ್ಲಿ ನಿಂತು ರೇಗುತ್ತಿದ್ದ ಪ್ರಯಾಣಿಕರನ್ನು. ದೇಶದ ಅತ್ಯಂತ ದಟ್ಟಣೆಯ ನಿಲ್ದಾಣವನ್ನು ನಿಧಾನವಾಗಿಯಾದರೂ ಅನಾಹುತವಿಲ್ಲದೆ ನಡೆಸಿದವರನ್ನು ಯಾವ ಕ್ಯಾಮೆರಾವೂ ತೋರಿಸಲಿಲ್ಲ. ತಡಮಾಡುವ ಧೈರ್ಯವೂ ಈ ಕಸುಬಿನ ಕೌಶಲ್ಯವೇ. ಸಾವಿರಾರು ಮಂದಿ ಬೈಯುತ್ತಿರುವಾಗ "ಕಾಯಿರಿ" ಎನ್ನುವುದು ಸುಲಭವಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಇವರು ಹುಟ್ಟಿನಿಂದಲೇ ಗಟ್ಟಿ ಮನಸ್ಸಿನವರಿರಬೇಕು ಎಂದು ನಮಗೆ ಅನ್ನಿಸುತ್ತದೆ. ನಾನು ಹಾಗೇ ಅಂದಾಗ ಸುಂಟಿಕೊಪ್ಪದ ಹಿರಿಯರು ನಕ್ಕರು. "ನಮ್ಮ ಬ್ಯಾಚಿನಲ್ಲಿ ಸಿಡುಕರು ಇದ್ದರು, ಪುಕ್ಕಲರು ಇದ್ದರು, ಮನೇಲಿ ಹಲ್ಲಿ ಕಂಡ್ರೆ ಓಡೋರು ಇದ್ದರು. ಹೆಡ್‌ಸೆಟ್ ಹಾಕಿದ ಮೇಲೆ ಎಲ್ಲರ ದನಿ ಒಂದೇ. ಅದು ನಮ್ಮದಲ್ಲ, ಕಲಿಸಿದ್ದು" ಎಂದರು. ಪಾಳಿ ಬದಲಾಗುವಾಗ ಹೊಸಬರು ಬಂದು ಪಕ್ಕದಲ್ಲಿ ಕುಳಿತು, ಆಕಾಶದ ಚಿತ್ರ ಮನಸ್ಸಿಗೆ ಇಳಿಯುವ ತನಕ ಕೇಳಿಸಿಕೊಂಡು, ಆಮೇಲಷ್ಟೆ ಜಾಗ ತೆಗೆದುಕೊಳ್ಳುತ್ತಾರಂತೆ. ಒಂದೆರಡು ಗಂಟೆ ಕುಳಿತವರು ಎದ್ದು ವಿಶ್ರಾಂತಿ ಪಡೆಯಲೇಬೇಕೆಂಬುದು ಈ ವೃತ್ತಿಯಲ್ಲಿ ಜಗತ್ತಿನ ಬಹುಕಡೆ ಇರುವ ಪದ್ಧತಿ. ಅಂದರೆ ನಾವು ಮೆಚ್ಚುವ ಆ ಶಾಂತಿ ಒಬ್ಬನ ಸ್ವಭಾವವಲ್ಲ, ಪವಾಡವೂ ಅಲ್ಲ. ಸರಿಯಾದ ನಿದ್ದೆ, ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣು, ಕೆಡದ ಉಪಕರಣ, ತಪ್ಪು ಹೇಳಿಕೊಳ್ಳಲು ಅವಕಾಶ, ಇವೆಲ್ಲ ಸೇರಿ ಕಟ್ಟಿದ್ದು. ಒಂದನ್ನು ಕಿತ್ತರೆ ಶಾಂತಿಯೂ ಸಡಿಲವಾಗುತ್ತದೆ.

ಕಿತ್ತರೆ ಏನಾಗುತ್ತದೆಂಬುದನ್ನು ಯುರೋಪು ಕಂಡಿದೆ. 2002ರ ಜುಲೈ 1ರ ರಾತ್ರಿ ಜ್ಯೂರಿಚಿನ ನಿಯಂತ್ರಣ ಕೇಂದ್ರದಲ್ಲಿ ಒಬ್ಬರೇ ಇಬ್ಬರ ಜಾಗ ನೋಡಿಕೊಳ್ಳುತ್ತಿದ್ದರು. ಜೊತೆಯವರು ವಿಶ್ರಾಂತಿಗೆ ಹೋಗಿದ್ದರು, ರಾತ್ರಿ ಪಾಳಿಯಲ್ಲಿ ಅದು ರೂಢಿಯಾಗಿತ್ತು. ದುರಸ್ತಿಗಾಗಿ ಮುಖ್ಯ ಫೋನ್ ಸಂಪರ್ಕ ಕಡಿದಿತ್ತು, ರೇಡಾರ್ ವ್ಯವಸ್ಥೆ ಅರೆಶಕ್ತಿಯಲ್ಲಿತ್ತು. ಜರ್ಮನಿಯ ಊಬರ್ಲಿಂಗನ್ ಊರಿನ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಮಂದಿ ಸತ್ತರು, ಬಹುಪಾಲು ಮಕ್ಕಳು. ಎರಡು ವರ್ಷದೊಳಗೆ, ಹೆಂಡತಿ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ ಆ ನಿಯಂತ್ರಕನ ಮನೆಗೆ ಹೋಗಿ ಅವನನ್ನು ಇರಿದು ಕೊಂದ. ಪಾಳಿಯನ್ನು ಖಾಲಿ ಬಿಟ್ಟ ವ್ಯವಸ್ಥಾಪಕರಲ್ಲಿ ಕೆಲವರಿಗೆ ನ್ಯಾಯಾಲಯದಲ್ಲಿ ಶಿಕ್ಷೆಯಾದದ್ದು 2007ರಲ್ಲಿ. ದನಿ ಯಾರದೋ ಅವರ ಮೇಲೆ ಎಲ್ಲ ಭಾರ ಬೀಳುತ್ತದೆ, ಸುತ್ತಲಿನ ಕುರ್ಚಿಗಳನ್ನು ಖಾಲಿ ಮಾಡಿದವರ ಹೆಸರು ತಡವಾಗಿ ಬರುತ್ತದೆ.

ಇದು ದೂರದ ಕಥೆಯೆಂದು ಬಿಡುವಂತಿಲ್ಲ. ನಮ್ಮ ಸಂಸತ್ತಿನ ಸ್ಥಾಯಿ ಸಮಿತಿಯೇ 2025ರ ಆಗಸ್ಟಿನಲ್ಲಿ ವಿಮಾನಯಾನ ಸುರಕ್ಷತೆಯ ವರದಿ ಕೊಡುವಾಗ ನಿಯಂತ್ರಕರ ಕೊರತೆಯನ್ನೂ ಅವರ ದಣಿವನ್ನೂ ಎತ್ತಿ ಹೇಳಿದೆ. ಊರೂರಿಗೆ ನಿಲ್ದಾಣ ಬೇಕೆಂದು ಕೇಳುತ್ತೇವೆ, ನಾವೂ ಕೂಡಿಗೆಯಲ್ಲಿ ಕೇಳುತ್ತಿದ್ದೇವೆ. ಕಟ್ಟಡ, ರನ್‌ವೇಗಳ ಶಂಕುಸ್ಥಾಪನೆಗೆ ಜನ ಸೇರುತ್ತಾರೆ. ಟವರಿನಲ್ಲಿ ಎಷ್ಟು ಮಂದಿ, ಎಷ್ಟು ಗಂಟೆಯ ಪಾಳಿ, ಅವರು ಎಂದು ಮಲಗುತ್ತಾರೆ ಎಂದು ಒಂದು ಮನವಿಪತ್ರದಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಸಂಸದರನ್ನು ಭೇಟಿಯಾಗುವ ಮುಖಂಡರು ಮುಂದಿನ ಸಲ ಇದನ್ನೂ ಬರೆದುಕೊಂಡು ಹೋಗಲಿ.

ಕೊರತೆ ಇದೆಯೆಂದರೆ ಜಾಗ ಇದೆಯೆಂದೂ ಅರ್ಥ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಇದ್ದುಕೊಂಡು ಬಿ.ಎಸ್ಸಿ., ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳಿಗೆ ನಾನು ಈ ಕೊನೆಯ ಭಾಗ ಬರೆಯುತ್ತಿದ್ದೇನೆ. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಈ ಹುದ್ದೆಗೆ 'ಜೂನಿಯರ್ ಎಕ್ಸಿಕ್ಯೂಟಿವ್' ಎಂಬ ಹೆಸರಿನಲ್ಲಿ ಆಯ್ಕೆ ಮಾಡುತ್ತದೆ. ಭೌತಶಾಸ್ತ್ರ ಮತ್ತು ಗಣಿತ ಇರುವ ಬಿ.ಎಸ್ಸಿ. ಸಾಕು, ಎಂಜಿನಿಯರಿಂಗ್ ಆದರೆ ಯಾವುದಾದರೂ ಸೆಮಿಸ್ಟರಿನಲ್ಲಿ ಆ ಎರಡು ವಿಷಯ ಓದಿರಬೇಕು. ಸಾಮಾನ್ಯ ವಯೋಮಿತಿ 27, ಮೀಸಲಾತಿಯವರಿಗೆ ಸಡಿಲಿಕೆ ಉಂಟು. ಕಂಪ್ಯೂಟರ್ ಪರೀಕ್ಷೆ, ದನಿ ಪರೀಕ್ಷೆ, ವೈದ್ಯಕೀಯ ಪರೀಕ್ಷೆ ಇರುತ್ತವೆ. ಆಯ್ಕೆಯಾದವರಿಗೆ ಪ್ರಯಾಗರಾಜ್, ಹೈದರಾಬಾದ್, ಗೊಂದಿಯಾದ ಕೇಂದ್ರಗಳಲ್ಲಿ ತರಬೇತಿ. ಆಮೇಲೆ ಕೆಲಸಕ್ಕೆ ಹೋದ ನಿಲ್ದಾಣದಲ್ಲಿ ಹಿರಿಯರ ಪಕ್ಕ ಕುಳಿತು ಕಲಿತು, ಅಲ್ಲಿನ ಪರೀಕ್ಷೆ ಗೆದ್ದ ಮೇಲಷ್ಟೆ ಸ್ವತಂತ್ರವಾಗಿ ಮಾತಾಡುವ ಅಧಿಕಾರ. ಬೇರೆ ನಿಲ್ದಾಣಕ್ಕೆ ವರ್ಗವಾದರೆ ಅಲ್ಲಿ ಮತ್ತೆ ಕಲಿಯಬೇಕು, ಇಪ್ಪತ್ತು ವರ್ಷ ಅನುಭವ ಇದ್ದರೂ.

ಇಂಗ್ಲಿಷಿಗೆ ಹೆದರಬೇಡಿ. ಅಂತರರಾಷ್ಟ್ರೀಯ ಮಾನದಂಡದಲ್ಲಿ ಆರು ಹಂತಗಳಿವೆ, ನಾಲ್ಕನೆಯದು ಬೇಕು. ಅಲ್ಲಿ ನೋಡುವುದು ಮಾತಿನ ಬೆಡಗನ್ನಲ್ಲ, ಹೇಳಿದ್ದು ಎದುರಿನವರಿಗೆ ತಿಳಿಯುತ್ತದೆಯೇ ಎಂಬುದನ್ನು. ಹಳ್ಳಿಯ ಉಚ್ಚಾರ ಇದ್ದರೂ ಸ್ಪಷ್ಟವಾಗಿದ್ದರೆ ಸಾಕು. ಹೆಣ್ಣುಮಕ್ಕಳ ತಂದೆತಾಯಿಗಳು ರಾತ್ರಿ ಪಾಳಿ ಎಂದು ಹಿಂಜರಿಯುತ್ತಾರೆ; ದೇಶದ ಟವರುಗಳಲ್ಲಿ ಹೆಣ್ಣುಮಕ್ಕಳು ರಾತ್ರಿಯೂ ಕುಳಿತು ವಿಮಾನ ಇಳಿಸುತ್ತಿದ್ದಾರೆ, ಅವರ ಭರವಸೆಯ ಮೇಲೆ ನೀವೂ ಪ್ರಯಾಣ ಮಾಡಿದ್ದೀರಿ.

ಸುಂಟಿಕೊಪ್ಪದ ಹಿರಿಯರು ಆಸಕ್ತ ವಿದ್ಯಾರ್ಥಿಗಳಿಗೆ ಒಂದು ದಿನ ಕುಳಿತು ವಿವರಿಸಲು ಒಪ್ಪಿದ್ದಾರೆ. ಪ್ರಸಾದ ನಿಲಯಗಳ ವ್ಯವಸ್ಥಾಪಕರು ಹೆಸರುಗಳನ್ನು ಪತ್ರಿಕೆಯ ಕಚೇರಿಗೆ ಕಳುಹಿಸಿದರೆ, ಕಾಫಿ ಕೊಯ್ಲು ಮುಗಿದ ಮೇಲೆ ದಿನ ಗೊತ್ತು ಮಾಡುತ್ತೇವೆ. ಅರ್ಜಿಯ ಪ್ರಕಟಣೆ ಪ್ರಾಧಿಕಾರದ ಜಾಲತಾಣದಲ್ಲಿಯೇ ಬರುತ್ತದೆ. ಕೆಲಸ ಕೊಡಿಸುತ್ತೇವೆಂದು ಬರುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.